ವೆಬ್‌ಸೈಟ್ ಕೈಕೊಟ್ಟರೆ ತಪ್ಪು ನಿಮ್ಮದೇ? ಏಳು ಸಾಮಾನ್ಯ ತೊಂದರೆಗಳು, ಕಾರಣ ಮತ್ತು ಪರಿಹಾರ

"ಅರ್ಜಿ ಹಾಕಲು ಇವತ್ತೇ ಲಾಸ್ಟ್ ಡೇಟ್. ಮೇನ್ ಸೈಟ್ ಓಪನ್ ಆಗದಿದ್ದರೆ ಈ ಲಿಂಕ್ ಒತ್ತಿ."

"ಸರ್ವರ್ ಬ್ಯುಸಿ ಅಂತ ಬಂದರೆ ರಿಫ್ರೆಶ್ ಮಾಡುತ್ತಲೇ ಇರಿ, ಒಂದಲ್ಲ ಒಂದು ಸಲ ಸಿಗುತ್ತೆ."

"ಹಣ ಕಟ್ ಆಗಿ ಟಿಕೆಟ್ ಬರದಿದ್ದರೆ ಈ ನಂಬರಿಗೆ ಫೋನ್ ಮಾಡಿ, ಕೂಡಲೇ ವಾಪಸ್."

ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ, ಹಬ್ಬದ ಬಸ್ ಟಿಕೆಟ್, ಆಸ್ತಿ ತೆರಿಗೆ – ಯಾವುದರ ಕೊನೆಯ ದಿನ ಹತ್ತಿರ ಬಂದರೂ ಇಂಥ ಸಂದೇಶಗಳು ಗ್ರೂಪಿನಿಂದ ಗ್ರೂಪಿಗೆ ಹರಿದಾಡುತ್ತವೆ. ಕೆಲವನ್ನು ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಇನ್ನು ಕೆಲವು ವಂಚಕರ ಬಲೆ. ಎರಡನ್ನೂ ನಾವು ಬೇಗ ನಂಬಲು ಕಾರಣ ಒಂದೇ: ವೆಬ್‌ಸೈಟ್ ಕೆಲಸ ಮಾಡದಿದ್ದಾಗ ಮೊದಲು ಅನುಮಾನಿಸುವುದು ನಮ್ಮನ್ನೇ. "ನನಗೆ ಇದೆಲ್ಲ ಬರಲ್ಲಪ್ಪ" ಎಂದುಕೊಂಡು ಫೋನನ್ನೂ ಓಟಿಪಿಯನ್ನೂ ಬೇರೆಯವರ ಕೈಗೆ ಕೊಟ್ಟುಬಿಡುತ್ತೇವೆ.

ಚುಟುಕಾಗಿ ಹೇಳುವುದಾದರೆ: ಇಂಥ ತೊಂದರೆಗಳಲ್ಲಿ ಹೆಚ್ಚಿನವು ವೆಬ್‌ಸೈಟಿನ ವಿನ್ಯಾಸದ ದೋಷಗಳು. ಪ್ರತಿಯೊಂದಕ್ಕೂ ಗೊತ್ತಿರುವ ಕಾರಣವಿದೆ, ಗೊತ್ತಿರುವ ಪರಿಹಾರವೂ ಇದೆ. ಕೆಲವಕ್ಕೆ ಕಾನೂನಿನ ರಕ್ಷಣೆಯೂ ಇದೆ. ದೋಷ ಯಾವುದೆಂದು ಗುರುತಿಸಲು ಬಂದರೆ ಹಣವೂ ಉಳಿಯುತ್ತದೆ, ವಂಚಕರಿಂದಲೂ ದೂರ ಇರಬಹುದು.

ನಂಬಿಕೆ: "ಓದಿದವರಿಗೆ ಇಂಥ ತೊಂದರೆ ಆಗುವುದಿಲ್ಲ"

ಇದು ನಿಜವಲ್ಲ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಸಿಟಿಬ್ಯಾಂಕ್, ರೆವ್ಲಾನ್ ಎಂಬ ಕಂಪನಿಗೆ ಸಾಲ ಕೊಟ್ಟಿದ್ದವರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಆದರೆ ಹೋದದ್ದು ಸುಮಾರು 90 ಕೋಟಿ ಡಾಲರ್! ಬ್ಯಾಂಕಿನ ಸಾಫ್ಟ್‌ವೇರ್ ಪರದೆಯಲ್ಲಿ ಅಸಲು ಹಣ ಹೊರಗೆ ಹೋಗದಂತೆ ತಡೆಯಲು ಮೂರು ಚೌಕಗಳಿಗೆ ಟಿಕ್ ಹಾಕಬೇಕಿತ್ತು. ಒಂದಕ್ಕೆ ಹಾಕಿದರೆ ಸಾಕು ಎಂದು ಸಿಬ್ಬಂದಿ ತಿಳಿದಿದ್ದರು. ಒಬ್ಬರಲ್ಲ, ಮೂವರು ನೋಡಿ ಒಪ್ಪಿಗೆ ಕೊಟ್ಟಿದ್ದರು. ಅವರಲ್ಲಿ ಇಬ್ಬರು ಭಾರತದಲ್ಲಿದ್ದ ಗುತ್ತಿಗೆ ಕಂಪನಿಯ ನೌಕರರು, ಒಬ್ಬರು ಅಮೆರಿಕದ ಬ್ಯಾಂಕ್ ಅಧಿಕಾರಿ. ದಿನವೂ ಇದೇ ಕೆಲಸ ಮಾಡುವವರಿಗೇ ಆ ಪರದೆ ಅರ್ಥವಾಗಿರಲಿಲ್ಲ. ಹಣ ವಾಪಸ್ ಪಡೆಯುವ ಜಗಳ ನ್ಯಾಯಾಲಯದಲ್ಲಿ 2022ರವರೆಗೂ ನಡೆಯಿತು.

ಅಮೆರಿಕದ ವಿಜ್ಞಾನಿ ಡಾನ್ ನಾರ್ಮನ್ 1988ರಲ್ಲಿ ಬರೆದ ಪುಸ್ತಕದಲ್ಲಿ ಇದೇ ವಿಚಾರವನ್ನು ಬಾಗಿಲಿನ ಉದಾಹರಣೆ ಕೊಟ್ಟು ವಿವರಿಸಿದ್ದರು. ತಳ್ಳಬೇಕಾದ ಬಾಗಿಲಿಗೆ ಎಳೆಯುವಂಥ ಹಿಡಿ ಹಾಕಿದ್ದರೆ ಎಲ್ಲರೂ ಎಳೆದೇ ಎಳೆಯುತ್ತಾರೆ. ಅದು ಬಾಗಿಲಿನ ದೋಷ, ಬಂದವರ ದೋಷವಲ್ಲ. ವೆಬ್‌ಸೈಟಿಗೂ ಇದೇ ಮಾತು ಸಲ್ಲುತ್ತದೆ.

1. ಒತ್ತಿದೆ, ಏನೂ ಆಗುತ್ತಿಲ್ಲ

ಗುಂಡಿ ಒತ್ತಿದ 0.1 ಸೆಕೆಂಡಿನೊಳಗೆ ಏನಾದರೂ ಬದಲಾದರೆ ಕೂಡಲೇ ಆಯಿತು ಅನಿಸುತ್ತದೆ. 1 ಸೆಕೆಂಡ್ ದಾಟಿದರೆ ತಡ ಆಗುತ್ತಿದೆ ಅನ್ನುವುದು ಗಮನಕ್ಕೆ ಬರುತ್ತದೆ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆಡೆಗೆ ಹೋಗುತ್ತದೆ. ಬಳಕೆದಾರರ ಅನುಭವವನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ 1993ರಲ್ಲಿ ಬರೆದಿಟ್ಟ ಈ ಮೂರು ಮಿತಿಗಳನ್ನು ವಿನ್ಯಾಸಕರು ಇವತ್ತಿಗೂ ಬಳಸುತ್ತಾರೆ.

ಹಣ ಕಟ್ಟುವ ಪುಟದಲ್ಲಿ ಈ ಮೌನ ಅಪಾಯಕಾರಿ. ಏನೂ ಕಾಣದಿದ್ದಾಗ ನಾವು ಮತ್ತೆ ಒತ್ತುತ್ತೇವೆ, ಎರಡು ಸಲ ಹಣ ಹೋಗಬಹುದು.

ಸೈಟ್ ಮಾಡುವವರು ಏನು ಮಾಡಬೇಕು? ಒಮ್ಮೆ ಒತ್ತಿದ ಕೂಡಲೇ ಗುಂಡಿಯನ್ನು ನಿಷ್ಕ್ರಿಯಗೊಳಿಸಿ "ಪಾವತಿ ನಡೆಯುತ್ತಿದೆ, ಪುಟ ಮುಚ್ಚಬೇಡಿ" ಎಂದು ತೋರಿಸಬೇಕು. ಪ್ರತಿ ಪಾವತಿಗೂ ಒಂದು ಗುರುತು ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಅದನ್ನು ಹೊಸ ಪಾವತಿ ಎಂದು ಲೆಕ್ಕಿಸದಂತೆ ಮಾಡಬೇಕು.

ನೀವು ಏನು ಮಾಡಬಹುದು? ಮತ್ತೆ ಒತ್ತುವ ಮೊದಲು ಬ್ಯಾಂಕಿನ ಎಸ್‌ಎಂಎಸ್ ಅಥವಾ ಯುಪಿಐ ಆ್ಯಪಿನ ಹಿಸ್ಟರಿ ನೋಡಿ. ಹಣ ಕಟ್ ಆಗಿ ಮಾರಾಟಗಾರರಿಗೆ ಖಚಿತತೆ ತಲುಪದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ವಹಿವಾಟಿನ ದಿನ ಬಿಟ್ಟು 5 ದಿನಗಳೊಳಗೆ ಅದು ತಾನಾಗಿ ವಾಪಸ್ ಬರಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಯುಪಿಐ ಮೂಲಕ ಕಳಿಸಿದ ಹಣ ತಲುಪದಿದ್ದರೆ ಗಡುವು 1 ದಿನ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದಕ್ಕಾಗಿ ಗ್ರಾಹಕರು ದೂರು ಕೊಡುವವರೆಗೆ ಕಾಯುವಂತಿಲ್ಲ. ಆದರೆ ಹಣ ಎರಡು ಸಲವೂ ಮಾರಾಟಗಾರರಿಗೇ ತಲುಪಿದ್ದರೆ ವಾಪಸ್ ಕೇಳಬೇಕಾದದ್ದು ಅವರನ್ನೇ.

2. "ಸರ್ವರ್ ಬ್ಯುಸಿ" – ರಿಫ್ರೆಶ್ ಮಾಡುತ್ತಲೇ ಇರಬೇಕೇ?

ಬೇಡ. ಸಂತೆಯ ದಿನ ಒಂದೇ ಬಾಗಿಲಿಗೆ ಊರೆಲ್ಲ ನುಗ್ಗಿದ ಹಾಗೆ, ಕೊನೆಯ ದಿನ ಒಂದೇ ಸರ್ವರಿಗೆ ಎಲ್ಲರ ಕೋರಿಕೆಗಳೂ ಬೀಳುತ್ತವೆ. ನಿಮ್ಮ ಪ್ರತಿ ರಿಫ್ರೆಶ್ ಕೂಡ ಸಾಲಿಗೆ ಸೇರುವ ಇನ್ನೊಂದು ಕೋರಿಕೆ.

ಪರದೆಯ ಮೇಲೆ ಕಾಣುವ ಸಂಖ್ಯೆ ನೋಡಿದರೆ ದೋಷ ಎಲ್ಲಿದೆ ಎಂದು ಅಂದಾಜು ಮಾಡಬಹುದು. 5ರಿಂದ ಶುರುವಾಗುವ 500, 502, 503, 504 ಬಂದರೆ ತೊಂದರೆ ಸರ್ವರ್ ಕಡೆಯದು, ನಿಮ್ಮ ಫೋನ್ ಬದಲಿಸಿ ಪ್ರಯೋಜನವಿಲ್ಲ. 404 ಬಂದರೆ ಆ ವಿಳಾಸದಲ್ಲಿ ಪುಟ ಇಲ್ಲ, ಲಿಂಕ್ ಹಳೆಯದಿರಬಹುದು. 429 ಬಂದರೆ ಕಡಿಮೆ ಸಮಯದಲ್ಲಿ ಅತಿ ಹೆಚ್ಚು ಸಲ ಕೇಳಿದ್ದೀರಿ ಎಂದರ್ಥ. ಸತತವಾಗಿ ರಿಫ್ರೆಶ್ ಮಾಡಿದವರಿಗೆ ಸಿಗುವ ಉತ್ತರ ಇದೇ.

"ಕ್ಯಾಶ್ ಕ್ಲಿಯರ್ ಮಾಡಿದರೆ ಎಲ್ಲ ಸರಿಹೋಗುತ್ತದೆ" ಎಂಬುದು ಅರ್ಧ ಸತ್ಯ. ನಿಮ್ಮ ಫೋನಿನಲ್ಲಿ ಪುಟದ ಹಳೆಯ ಪ್ರತಿ ಉಳಿದಿದ್ದರೆ ಅದರಿಂದ ಉಪಯೋಗವಿದೆ. ಸರ್ವರೇ ಮಲಗಿದ್ದರೆ ಇಲ್ಲ. ಜೊತೆಗೆ ಕುಕೀಗಳನ್ನೂ ಅಳಿಸಿದರೆ ಲಾಗಿನ್ ಹೋಗುತ್ತದೆ, ಅರ್ಧ ತುಂಬಿದ ಅರ್ಜಿಯೂ ಹೋಗಬಹುದು.

ಸೈಟಿನವರಿಗೆ ಪರಿಹಾರ ಕಷ್ಟದ್ದಲ್ಲ: ಭಾರೀ ಚಿತ್ರಗಳನ್ನು ಚಿಕ್ಕದು ಮಾಡುವುದು, ಜನ ಹೆಚ್ಚಾದಾಗ ಸರತಿಯ ಪುಟ ತೋರಿಸಿ "ನಿಮ್ಮ ಮುಂದೆ ಇಷ್ಟು ಜನ ಇದ್ದಾರೆ" ಎಂದು ಹೇಳುವುದು, ಸೈಟ್ ಬಿದ್ದರೆ ಕೊನೆಯ ದಿನಾಂಕವನ್ನು ಮುಂದೂಡುವುದು.

3. ಒಂದನ್ನು ಒತ್ತಲು ಹೋದರೆ ಇನ್ನೊಂದು ತೆರೆಯುತ್ತದೆ

ಸುದ್ದಿ ಓದುತ್ತಾ "ಮುಂದೆ" ಒತ್ತಲು ಬೆರಳಿಟ್ಟಿರಿ. ಅಷ್ಟರಲ್ಲಿ ಮೇಲಿನಿಂದ ಜಾಹೀರಾತು ಇಳಿದು, ಗುಂಡಿ ಕೆಳಗೆ ಜಾರಿ, ನೀವು ಜಾಹೀರಾತನ್ನೇ ಒತ್ತಿದ್ದೀರಿ. ಚಿತ್ರ ಮತ್ತು ಜಾಹೀರಾತುಗಳಿಗೆ ಮೊದಲೇ ಜಾಗ ಕಾದಿರಿಸದಿರುವುದೇ ಇದಕ್ಕೆ ಕಾರಣ. ಅವುಗಳ ಉದ್ದ ಅಗಲವನ್ನು ಕೋಡ್‌ನಲ್ಲಿ ಮೊದಲೇ ಬರೆದರೆ ಪುಟ ಅಲುಗುವುದಿಲ್ಲ. ಗೂಗಲ್ 2020ರಿಂದ ಈ ಜಾರುವಿಕೆಯನ್ನು ಅಳೆಯುತ್ತಿದೆ, ಸೈಟ್ ಚೆನ್ನಾಗಿದೆಯೇ ಎಂದು ನೋಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಗುಂಡಿಗಳು ತೀರಾ ಚಿಕ್ಕದಾಗಿರುವುದು ಇನ್ನೊಂದು ಕಾರಣ. ವೆಬ್‌ನ ಮಾನದಂಡ ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2023ರಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಬೇಕು. ಇನ್ನೂ ಮೇಲಿನ ದರ್ಜೆಗೆ 44 ಪಿಕ್ಸೆಲ್ ಬೇಕು. ಅಜ್ಜಿಯ ಬೆರಳು "ಸರಿಯಾಗಿ ಬೀಳುವುದಿಲ್ಲ" ಎನ್ನುವ ಮೊದಲು ಗುಂಡಿಯ ಗಾತ್ರ ನೋಡಿ. ಸದ್ಯಕ್ಕೆ ಎರಡು ಬೆರಳಿನಿಂದ ಪುಟ ಹಿಗ್ಗಿಸಿ ಒತ್ತಿದರೆ ತಪ್ಪು ಕಡಿಮೆಯಾಗುತ್ತದೆ.

4. ತುಂಬಿದ ಅರ್ಜಿಯೆಲ್ಲ ಮಾಯ

ಮುಕ್ಕಾಲು ಗಂಟೆ ಕೂತು ತುಂಬಿದ ಅರ್ಜಿ, ಆದಾಯ ಪ್ರಮಾಣಪತ್ರ ಹುಡುಕಿ ತರುವಷ್ಟರಲ್ಲಿ "ಸೆಷನ್ ಎಕ್ಸ್‌ಪೈರ್ಡ್" ಎನ್ನುತ್ತದೆ. ನೀವು ಎದ್ದು ಹೋದ ಮೇಲೆ ಬೇರೆಯವರು ಅದೇ ಕಂಪ್ಯೂಟರ್ ಬಳಸಬಾರದು ಎಂಬ ಭದ್ರತೆಗಾಗಿ ಈ ವ್ಯವಸ್ಥೆ ಇದೆ. ಸೈಬರ್ ಸೆಂಟರಿನಲ್ಲಿ ಅದು ಬೇಕೇ ಬೇಕು. ಆದರೆ ಭದ್ರತೆಗಾಗಿ ತುಂಬಿದ್ದನ್ನೆಲ್ಲ ಎಸೆಯಬೇಕಾಗಿಲ್ಲ. ಮೇಲೆ ಹೇಳಿದ ಮಾನದಂಡವೇ ಇದಕ್ಕೆ ದಾರಿ ಹೇಳುತ್ತದೆ: ಸಮಯ ಮುಗಿಯುವ ಮೊದಲು ಎಚ್ಚರಿಸಿ, ಒಂದು ಸರಳ ಗುಂಡಿ ಒತ್ತಿ ಸಮಯ ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡಬೇಕು. ಪುಟ ಪುಟಕ್ಕೂ ಡ್ರಾಫ್ಟ್ ಉಳಿಸಿದರೆ ಇನ್ನೂ ಒಳ್ಳೆಯದು. ಬೇಕಾದ ದಾಖಲೆಗಳ ಪಟ್ಟಿಯನ್ನು, ಫೋಟೊ ಎಷ್ಟು ಕೆಬಿ ಇರಬೇಕು ಎಂಬುದನ್ನು ಮೊದಲ ಪುಟದಲ್ಲೇ ಹೇಳಬೇಕು.

ನೀವು ಮಾಡಬಹುದಾದದ್ದು: ದಾಖಲೆಗಳನ್ನೆಲ್ಲ ಮೊದಲೇ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಉದ್ದದ ಉತ್ತರಗಳನ್ನು ನೋಟ್ಸ್ ಆ್ಯಪಿನಲ್ಲಿ ಬರೆದು ನಂತರ ಪೇಸ್ಟ್ ಮಾಡಿ.

5. "ಇನ್‌ವ್ಯಾಲಿಡ್ ನೇಮ್" – ಅಪ್ಪ ಇಟ್ಟ ಹೆಸರೇ ತಪ್ಪೇ?

ಅನೇಕ ಫಾರ್ಮುಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎರಡೂ ಕಡ್ಡಾಯ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರಿಲ್ಲ. ಇರುವುದು ಒಂದು ಹೆಸರು ಮತ್ತು ಊರಿನದೋ ತಂದೆಯದೋ ಇನಿಷಿಯಲ್. ಇನಿಷಿಯಲ್ ಹಾಕಿದರೆ "ಕನಿಷ್ಠ ಎರಡು ಅಕ್ಷರ ಬೇಕು" ಎನ್ನುತ್ತದೆ. ಚುಕ್ಕೆ ಇಟ್ಟರೆ "ವಿಶೇಷ ಚಿಹ್ನೆ ಬೇಡ" ಎನ್ನುತ್ತದೆ. ಕೊನೆಗೆ ಒಂದೇ ಹೆಸರನ್ನು ಎರಡು ಸಲ ಬರೆದು ಮುಂದೆ ಹೋಗುತ್ತಾರೆ. ಆ ಹೆಸರು ಆಧಾರ್ ಅಥವಾ ಅಂಕಪಟ್ಟಿಗೆ ಹೊಂದದೆ ಆಮೇಲೆ ಅರ್ಜಿಯೇ ತಿರಸ್ಕಾರವಾಗಬಹುದು.

ಕನ್ನಡದಲ್ಲಿ ತುಂಬುವಾಗ ಇನ್ನೊಂದು ತೊಡಕು ಇದೆ. ಜ್ಯೋತ್ಸ್ನಾ ಎಂಬ ಹೆಸರು ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನ, ವಿರಾಮ ಚಿಹ್ನೆ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ, ಹಾಗಾಗಿ ಕಂಪ್ಯೂಟರಿಗೆ ಅದು 10 ಸಂಕೇತಗಳು. ಇಂಗ್ಲಿಷ್ ಹೆಸರನ್ನು ನೋಡಿ "ಗರಿಷ್ಠ 20" ಎಂದು ಮಿತಿ ಹಾಕಿದವರು ಇದನ್ನು ಯೋಚಿಸಿರುವುದಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಪೇಸ್ಟ್ ಮಾಡಿದರೆ ವಿಚಿತ್ರ ಚಿಹ್ನೆಗಳು ಬರುವುದಕ್ಕೂ ಕಾರಣ ಸರಳ: ಆ ಫಾಂಟುಗಳು ಯೂನಿಕೋಡ್ ಅಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಪರಿಹಾರ: "ದಾಖಲೆಯಲ್ಲಿರುವಂತೆ ಪೂರ್ಣ ಹೆಸರು" ಎಂಬ ಒಂದೇ ಚೌಕ ಸಾಕು. ತಪ್ಪಾದರೆ ಬರೀ "ಇನ್‌ವ್ಯಾಲಿಡ್" ಎನ್ನದೆ, ಯಾವ ಚೌಕದಲ್ಲಿ, ಏನು ತಪ್ಪು, ಹೇಗೆ ಬರೆಯಬೇಕು ಎಂದು ಅದರ ಪಕ್ಕದಲ್ಲೇ ಹೇಳಬೇಕು. ಹುಟ್ಟಿದ ದಿನಾಂಕಕ್ಕೂ ಹೀಗೆಯೇ. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದ ಮಾದರಿಯ ಫಾರ್ಮಿಗೆ ಮಾರ್ಚ್ 4. ತಿಂಗಳನ್ನು ಹೆಸರಿನಿಂದ ಆರಿಸುವಂತೆ ಮಾಡಿದರೆ ಗೊಂದಲವೇ ಇರುವುದಿಲ್ಲ. ನಿಮಗೆ ಇಂಥ ದೋಷ ಎದುರಾದರೆ ಸಬ್ಮಿಟ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಮುಂದೆ ಸಾಕ್ಷಿಗೆ ಬೇಕಾಗುತ್ತದೆ.

6. ನೆನಪಿರದ ಪಾಸ್‌ವರ್ಡ್, ಕಾಣದ ಅಕ್ಷರ, ಮಿಟುಕದ ಕಣ್ಣು

ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, ಮೇಲೆ ಮೂರು ತಿಂಗಳಿಗೊಮ್ಮೆ ಬದಲಾವಣೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2003ರಲ್ಲಿ ಕೊಟ್ಟ ಸಲಹೆಗಳಿಂದ ಈ ಪದ್ಧತಿ ಹಬ್ಬಿತು. ಅದನ್ನು ಬರೆದ ಬಿಲ್ ಬರ್ ಅವರೇ ಆಮೇಲೆ ಆ ಸಲಹೆಗೆ ವಿಷಾದ ಪಟ್ಟರು. 2017ರಲ್ಲಿ ನಿಸ್ಟ್ ನಿಲುವು ಬದಲಿಸಿತು: ಉದ್ದದ ಪಾಸ್‌ವರ್ಡ್ ಒಳ್ಳೆಯದು, ಸೋರಿಕೆಯಾದ ಸೂಚನೆ ಇಲ್ಲದೆ ಸುಮ್ಮನೆ ಬದಲಿಸಲು ಒತ್ತಾಯ ಬೇಡ, ಪೇಸ್ಟ್ ಮಾಡಲು ಬಿಡಿ. ಹಳೆಯ ನಿಯಮಗಳಿಂದ ಜನ ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದಿಟ್ಟರು, ಇಲ್ಲವೇ ಕೊನೆಯ ಅಂಕಿಯನ್ನಷ್ಟೇ ಬದಲಿಸಿದರು. ಭದ್ರತೆ ಹೆಚ್ಚಲಿಲ್ಲ.

ಬಿಳಿ ಹಿನ್ನೆಲೆಯಲ್ಲಿ ತೆಳು ಬೂದು ಅಕ್ಷರಗಳೂ ಇಂಥದ್ದೇ ತೊಂದರೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು ಎನ್ನುತ್ತದೆ ಮಾನದಂಡ. ಕಣ್ಣು ಮಂಜಾದವರಿಗೆ ಮಾತ್ರವಲ್ಲ, ಬಿಸಿಲಲ್ಲಿ ನಿಂತು ಫೋನ್ ನೋಡುವ ಎಲ್ಲರಿಗೂ ಇದು ಬೇಕು.

ಇದು ಕೇವಲ ಅನುಕೂಲದ ಮಾತೂ ಅಲ್ಲ. ಬ್ಯಾಂಕ್ ಖಾತೆಯ ಇ-ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ಆ್ಯಸಿಡ್ ದಾಳಿಯಲ್ಲಿ ರೆಪ್ಪೆಗೆ ಹಾನಿಯಾದವರು ಹೇಗೆ ಮಿಟುಕಿಸುತ್ತಾರೆ? ದಾಳಿಗೆ ಒಳಗಾದವರು ಮತ್ತು ಅಂಧರು ತಂದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟು, ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಕೆವೈಸಿ ಎಲ್ಲರೂ ಬಳಸಬಲ್ಲಂತೆ ಇರಬೇಕೆಂದು 20 ನಿರ್ದೇಶನಗಳನ್ನೂ ಕೊಟ್ಟಿತು.

7. ಬೇಕೆಂದೇ ಮಾಡಿದ ತೊಂದರೆಗಳು

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಲಕ್ಷ್ಯದಿಂದ ಆಗುವಂಥವು. ಕೆಲವನ್ನು ಲಾಭಕ್ಕಾಗಿ ಉದ್ದೇಶಪೂರ್ವಕವಾಗಿ ಮಾಡುತ್ತಾರೆ. ಇವಕ್ಕೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ನಮಗೆ ಹೆಚ್ಚಾಗಿ ಎದುರಾಗುವವು ಇವು:

– ಟಿಕೆಟ್ ಬುಕ್ ಮಾಡುವಾಗ ಕೇಳದೆಯೇ ವಿಮೆ ಅಥವಾ ದೇಣಿಗೆ ಬಿಲ್ಲಿಗೆ ಸೇರಿಸುವುದು.
– ಮೊದಲು ಒಂದು ಬೆಲೆ ತೋರಿಸಿ, ಕೊನೆಯ ಪುಟದಲ್ಲಿ ಶುಲ್ಕಗಳನ್ನು ಸೇರಿಸುವುದು.
– "ಇನ್ನು ಎರಡೇ ಉಳಿದಿವೆ" ಎಂದು ಸುಳ್ಳು ಅವಸರ ಹುಟ್ಟಿಸುವುದು.
– ಚಂದಾ ಆಗಲು ಒಂದೇ ಗುಂಡಿ, ರದ್ದು ಮಾಡಲು ಚಕ್ರವ್ಯೂಹ.
– ಬೇಡ ಎನ್ನಲು "ನಾನು ಅಪಾಯದಲ್ಲೇ ಇರುತ್ತೇನೆ" ಎಂಬಂಥ, ನಾಚಿಕೆ ಹುಟ್ಟಿಸುವ ವಾಕ್ಯ ಇಡುವುದು.

2025ರ ಜೂನ್‌ನಲ್ಲಿ ಪ್ರಾಧಿಕಾರ, ಇ-ಕಾಮರ್ಸ್ ಕಂಪನಿಗಳೆಲ್ಲ ಮೂರು ತಿಂಗಳೊಳಗೆ ತಮ್ಮ ಸೈಟುಗಳನ್ನು ತಾವೇ ಪರಿಶೀಲಿಸಿಕೊಳ್ಳಬೇಕು ಎಂದು ಸೂಚಿಸಿತು. ಇಂಥದ್ದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಹಣ ಕಟ್ಟುವ ಕೊನೆಯ ಪುಟದಲ್ಲಿ ಒಟ್ಟು ಮೊತ್ತವನ್ನೂ ಮೊದಲೇ ಬಿದ್ದಿರುವ ಟಿಕ್‌ಗಳನ್ನೂ ನೋಡಿಯೇ ಮುಂದೆ ಹೋಗಿ.

ವೆಬ್‌ಸೈಟ್ ಕೆಟ್ಟಲ್ಲಿ ವಂಚಕರು ಕಾದಿರುತ್ತಾರೆ

ಹಣ ಸಿಕ್ಕಿಹಾಕಿಕೊಂಡ ಗಾಬರಿಯಲ್ಲಿ ನಾವು ಇಂಟರ್ನೆಟ್‌ನಲ್ಲಿ "ಕಸ್ಟಮರ್ ಕೇರ್ ನಂಬರ್" ಹುಡುಕುತ್ತೇವೆ. ವಂಚಕರು ತಮ್ಮ ನಂಬರುಗಳನ್ನು ಅಲ್ಲೂ ಫಾರ್ವರ್ಡ್‌ಗಳಲ್ಲೂ ಮೊದಲೇ ಬಿತ್ತಿರುತ್ತಾರೆ. ಫೋನ್ ಎತ್ತಿದವರು ನಯವಾಗಿ ಮಾತಾಡಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ, "ಹಣ ವಾಪಸ್ ಬರಲು ಯುಪಿಐ ಪಿನ್ ಒತ್ತಿ" ಎನ್ನುತ್ತಾರೆ. ನೆನಪಿಡಿ: ಪಿನ್ ಬೇಕಾಗುವುದು ಹಣ ಕಳಿಸಲು. ಹಣ ಪಡೆಯಲು ಪಿನ್ ಬೇಡ.

"ಬೀಗದ ಚಿಹ್ನೆ ಇದ್ದರೆ ಸೈಟ್ ಸುರಕ್ಷಿತ" ಎಂಬ ಫಾರ್ವರ್ಡ್ ಕೂಡ ದಾರಿ ತಪ್ಪಿಸುತ್ತದೆ. ನಿಮಗೂ ಸೈಟಿಗೂ ನಡುವಿನ ಮಾಹಿತಿಯನ್ನು ಮಧ್ಯದಲ್ಲಿ ಯಾರೂ ಓದಲಾರರು ಎಂಬುದಷ್ಟೇ ಬೀಗದ ಅರ್ಥ. ಆಚೆ ಬದಿಯಲ್ಲಿ ಇರುವವರು ಪ್ರಾಮಾಣಿಕರು ಎಂದಲ್ಲ. ಜನ ತಪ್ಪು ತಿಳಿಯುತ್ತಿದ್ದ ಕಾರಣಕ್ಕೇ ಕ್ರೋಮ್ ಬ್ರೌಸರ್ 2023ರಲ್ಲಿ ಆ ಚಿಹ್ನೆಯನ್ನು ಬದಲಿಸಿತು. ನೋಡಬೇಕಾದದ್ದು ವಿಳಾಸದ ಕೊನೆಯನ್ನು: ಸರ್ಕಾರಿ ಸೈಟುಗಳು ಸಾಮಾನ್ಯವಾಗಿ "ಡಾಟ್ ಗವ್ ಡಾಟ್ ಇನ್" ಎಂದು ಮುಗಿಯುತ್ತವೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು.

ಹಣ ವಂಚಕರ ಪಾಲಾದರೆ ಕೂಡಲೇ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಬ್ಯಾಂಕಿನ ಸೇವೆಯ ಬಗ್ಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ನೀವೇ ಸೈಟ್ ನಡೆಸುತ್ತಿದ್ದರೆ

ಅಂಗಡಿ, ಶಾಲೆ, ಸಹಕಾರ ಸಂಘ – ಯಾವುದರ ಸೈಟ್ ಆದರೂ ಐದು ಜನರನ್ನು ಕೂರಿಸಿ ಬಳಸಲು ಹೇಳಿ. ನೀವು ಬಾಯಿ ಬಿಡದೆ ನೋಡಿ. ದೋಷಗಳಲ್ಲಿ ಹೆಚ್ಚಿನವನ್ನು ಹಿಡಿಯಲು ಐದು ಜನ ಸಾಕು ಎಂದು ನೀಲ್ಸನ್ 2000ದಲ್ಲೇ ಬರೆದಿದ್ದರು. ಆ ಐವರಲ್ಲಿ ಒಬ್ಬರು ಅರವತ್ತು ದಾಟಿದವರಿರಲಿ, ಒಬ್ಬರ ಫೋನ್ ಹಳೆಯದಿರಲಿ. ಅವರು ಎಡವಿದ ಜಾಗವನ್ನು ಸರಿಪಡಿಸಿ. "ಹೀಗೆ ಮಾಡಬೇಕಿತ್ತು" ಎಂದು ಅವರಿಗೆ ಪಾಠ ಹೇಳಲು ಹೋಗಬೇಡಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

– ಸೈಟ್ ತೆರೆಯದಿದ್ದರೆ ಗ್ರೂಪಿನಲ್ಲಿ ಬಂದ ಬದಲಿ ಲಿಂಕ್ ಒತ್ತಬೇಡಿ, ಅಧಿಕೃತ ವಿಳಾಸವನ್ನು ನೀವೇ ಟೈಪ್ ಮಾಡಿ.
– 5ರಿಂದ ಶುರುವಾಗುವ ಸಂಖ್ಯೆ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ.
– ಹಣ ಕಟ್ಟುವ ಗುಂಡಿಯನ್ನು ಎರಡನೇ ಸಲ ಒತ್ತುವ ಮೊದಲು ಖಾತೆ ನೋಡಿ.
– ದೋಷ ಕಂಡ ಕೂಡಲೇ ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಸೈಟಿನವರಿಗೇ ದೂರು ಕಳಿಸಿ.
– ಸಹಾಯ ಕೇಳಿ, ಆದರೆ ಓಟಿಪಿ ಮತ್ತು ಪಿನ್ ನಿಮ್ಮ ಬಳಿಯೇ ಇರಲಿ.

ಮನೆಯ ಹಿರಿಯರು ಇನ್ನೊಮ್ಮೆ "ನನಗೆ ಇದು ಬರಲ್ಲ" ಎಂದರೆ ಅವರ ಪರದೆಯನ್ನು ಒಮ್ಮೆ ನೋಡಿ. ಅಲ್ಲಿ ಮೇಲಿನ ಏಳರಲ್ಲಿ ಒಂದು ದೋಷ ಇದ್ದರೆ, ಅದು ಅವರ ತಪ್ಪಲ್ಲ ಎಂದು ಹೇಳಿ.